ಹವ್ಯಾಸದ ಪತ್ರಿಕೆಗೆ ಅನ್ನವಿಕ್ಕುವವರು ಯಾರು?

ಹೊಟ್ಟೆಪಾಡಿಗಾಗಿ ಮನುಷ್ಯನು ಮಾಡುವ ಕೆಲಸ ಒಂದು. ಆ ಕೆಲಸ ಮುಗಿದ ಮೇಲೆ ಯಾರ ಒತ್ತಾಯವೂ ಇಲ್ಲದೆ ತನ್ನ ಸಂತೋಷಕ್ಕೆಂದೇ ಹಚ್ಚಿಕೊಳ್ಳುವ ಕೆಲಸ ಇನ್ನೊಂದು. ಒಬ್ಬನು ಹಳೆಯ ನಾಣ್ಯಗಳನ್ನು ಕೂಡಿಸುತ್ತಾನೆ; ಇನ್ನೊಬ್ಬನು ಮಾಳಿಗೆಯ ಮೇಲೆ ದೂರದರ್ಶಕವನ್ನಿಟ್ಟು ಶನಿಯ ಬಳೆಗಳನ್ನು ನೋಡುತ್ತಾ ನಿದ್ದೆಗೆಡುತ್ತಾನೆ; ಮತ್ತೊಬ್ಬನು ಊಟದ ಮೇಜಿನಷ್ಟು ಜಾಗದಲ್ಲಿ ಹಳಿ ಹಾಸಿ, ಗೇಣುದ್ದದ ರೈಲುಗಾಡಿಯನ್ನು ವೇಳಾಪಟ್ಟಿಗೆ ಸರಿಯಾಗಿ ಓಡಿಸುತ್ತಾನೆ. ಮನೆಯವರು ಇದನ್ನು ಹುಚ್ಚೆಂದು ನಗುತ್ತಾರೆ. ಆದರೆ ಅದೇ ಹುಚ್ಚಿನವನು ದೂರದ ಊರೊಂದರಲ್ಲಿ ಇನ್ನೊಬ್ಬನಿದ್ದಾನೆಂದು ತಿಳಿದಾಗ ಅವನಿಗಾಗುವ ಸಂತೋಷವನ್ನು ಮನೆಯವರು ಅರಿಯರು. ಅಂಥ ಇಬ್ಬರನ್ನು, ಇನ್ನೂರು ಜನರನ್ನು, ಇಪ್ಪತ್ತು ಸಾವಿರ ಜನರನ್ನು ಒಂದುಗೂಡಿಸುವ ಸೇತುವೆಯೇ ಹವ್ಯಾಸದ ಪತ್ರಿಕೆ.

ಇಂತಹ ಪತ್ರಿಕೆಗಳ ಓದುಗರಷ್ಟು ನಿಷ್ಠಾವಂತರು ಬೇರೆಲ್ಲಿಯೂ ದೊರೆಯುವುದಿಲ್ಲ. ಸುದ್ದಿಪತ್ರಿಕೆ ಮರುದಿನವೇ ಗುಜರಿಗೆ ಹೋಗುತ್ತದೆ. ಹವ್ಯಾಸದ ಪತ್ರಿಕೆಯನ್ನು ಓದುಗನು ವರ್ಷವರ್ಷವೂ ರಟ್ಟು ಕಟ್ಟಿಸಿ ಕಪಾಟಿನಲ್ಲಿ ಕಾಪಾಡುತ್ತಾನೆ. ಹೀಗಿದ್ದೂ ಕಳೆದ ಕೆಲವು ದಶಕಗಳಲ್ಲಿ ಇಂಗ್ಲೆಂಡ್, ಅಮೆರಿಕಗಳ ಹೆಸರಾಂತ ಹವ್ಯಾಸ ಪತ್ರಿಕೆಗಳು ಒಂದರ ಹಿಂದೆ ಒಂದರಂತೆ ನಿಂತುಹೋಗಿವೆ; ಉಳಿದವು ಕೈಯಿಂದ ಕೈಗೆ ಮಾರಾಟವಾಗಿವೆ. ಇಷ್ಟೊಂದು ಪ್ರೀತಿಯಿರುವ ಕಡೆ ಇಷ್ಟೊಂದು ನಷ್ಟವೇಕೆ? ಈ ಪ್ರಶ್ನೆಗೆ ಉತ್ತರ ಹುಡುಕಿದರೆ, ಪತ್ರಿಕೆಯೆಂಬ ಪದಾರ್ಥಕ್ಕೆ ಅನ್ನವಿಕ್ಕುವವರು ಯಾರೆಂಬ ಸತ್ಯವೂ ತಿಳಿಯುತ್ತದೆ.

ಮೊದಲ ಪ್ರತಿಯ ಭಾರ

ಪತ್ರಿಕೆಯ ಲೆಕ್ಕದಲ್ಲಿ ಅತ್ಯಂತ ದುಬಾರಿಯಾದುದು ಮೊದಲನೆಯ ಪ್ರತಿ. ಸಂಪಾದಕರ ಸಂಬಳ, ಲೇಖಕರ ಸಂಭಾವನೆ, ಚಿತ್ರಕಾರನ ಕೂಲಿ, ಕಚೇರಿಯ ಬಾಡಿಗೆ, ಪುಟಗಳನ್ನು ಅಣಿಗೊಳಿಸುವ ವೆಚ್ಚ, ಇವೆಲ್ಲ ಯಂತ್ರ ತಿರುಗುವ ಮೊದಲೇ ಆಗಿಹೋಗುವ ಖರ್ಚು. ಲೆಕ್ಕಕ್ಕಾಗಿ ಇದನ್ನು 5 ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳೋಣ. 5 ಲಕ್ಷ ಪ್ರತಿ ಖರ್ಚಾಗುವ ಜನಪ್ರಿಯ ಪತ್ರಿಕೆಯಲ್ಲಿ ಈ ಭಾರವು ಪ್ರತಿಯೊಂದಕ್ಕೆ ಒಂದೇ ರೂಪಾಯಿ. 5 ಸಾವಿರ ಪ್ರತಿಗಳ ಹವ್ಯಾಸ ಪತ್ರಿಕೆಯಲ್ಲಿ ಅದೇ ಭಾರವು ಪ್ರತಿಗೆ ನೂರು ರೂಪಾಯಿ. ಕಾಗದ, ಮುದ್ರಣ, ಅಂಚೆಯ ವೆಚ್ಚಗಳು ಇದಕ್ಕೆ ಮೇಲೆ ಸೇರಬೇಕು. ಓದುಗನು ಎಷ್ಟೇ ನಿಷ್ಠಾವಂತನಾಗಿರಲಿ, ಇಷ್ಟು ಬೆಲೆಯನ್ನು ತಿಂಗಳು ತಿಂಗಳೂ ತೆರುವುದು ಕಷ್ಟ.

ಪತ್ರಿಕೆಗೆ ಹಣ ಬರುವ ಬಾಗಿಲುಗಳು ಮೂರು: ಚಂದಾ, ಅಂಗಡಿಯ ಬಿಡಿಮಾರಾಟ, ಜಾಹೀರಾತು. ಇವುಗಳಲ್ಲಿ ಬಿಡಿಮಾರಾಟದ ಬಾಗಿಲು ಹೊರಗಿನಿಂದ ಕಾಣುವಷ್ಟು ವಿಶಾಲವಾದುದಲ್ಲ. ಮಾರಾಟವಾಗದ ಪ್ರತಿಗಳ ನಷ್ಟವು ಅಂಗಡಿಯವನದಲ್ಲ, ಪ್ರಕಾಶಕನದು. ಅಮೆರಿಕದಲ್ಲಿ ಉಳಿದ ಪ್ರತಿಗಳನ್ನು ಹಿಂದಕ್ಕೆ ಸಾಗಿಸುವ ಖರ್ಚೂ ಬೇಡವೆಂದು, ಮುಖಪುಟವನ್ನು ಮಾತ್ರ ಹರಿದು ಲೆಕ್ಕಕ್ಕೆ ಕಳುಹಿಸಿ ಮಿಕ್ಕುದನ್ನು ನಾಶಮಾಡುವ ಪದ್ಧತಿ ಬಹುಕಾಲ ನಡೆಯಿತು. ಹತ್ತು ಪ್ರತಿ ಅಚ್ಚು ಹಾಕಿ, ಅದರಲ್ಲಿ ಅರ್ಧದಷ್ಟು ಪ್ರತಿಗಳ ಮುಖಪುಟವನ್ನಷ್ಟೇ ಮರಳಿ ಪಡೆಯುವ ವ್ಯಾಪಾರ ಯಾವ ಪ್ರಕಾಶಕನಿಗೆ ಲಾಭ ತಂದೀತು?

ಚಂದಾದ ಬಾಗಿಲಿನಲ್ಲಿ ಇನ್ನೊಂದು ಗುಟ್ಟಿದೆ. ಚಂದಾದಾರನು ಮುಂಗಡವಾಗಿ ಕೊಟ್ಟ ವರ್ಷದ ಹಣ ನಿಜವಾಗಿ ಪತ್ರಿಕೆಯ ಆದಾಯವಲ್ಲ, ಅದು ಸಾಲ. ಹನ್ನೆರಡು ಸಂಚಿಕೆಗಳನ್ನು ಕೊಟ್ಟು ತೀರಿಸಬೇಕಾದ ಸಾಲ. ಪತ್ರಿಕೆಯನ್ನು ಕೊಳ್ಳುವವನು ಈ ಸಾಲವನ್ನೂ ಹೊತ್ತುಕೊಳ್ಳಬೇಕಾಗುತ್ತದೆ. ಮುಂಗಡದ ಹಣವನ್ನು ಈ ತಿಂಗಳ ಕಾಗದಕ್ಕೆ ಸುರಿದು, ಮುಂದಿನ ತಿಂಗಳ ಕಾಗದಕ್ಕೆ ಹೊಸ ಚಂದಾದಾರನನ್ನು ಹುಡುಕುವ ಪತ್ರಿಕೆ ಮೇಲಿನಿಂದ ಗಟ್ಟಿಮುಟ್ಟಾಗಿ ಕಂಡರೂ ಒಳಗೆ ಟೊಳ್ಳು. ಅದು ಒಂದು ದಿನ ಕುಸಿದರೆ, ಓದುಗರ ಪಾಲಿನ ಸಂಚಿಕೆಗಳೂ ಅದರೊಡನೆ ಮುಳುಗುತ್ತವೆ.

ಆದುದರಿಂದ ಹವ್ಯಾಸ ಪತ್ರಿಕೆಗಳನ್ನು ನಿಜವಾಗಿ ಪೋಷಿಸಿದುದು ಮೂರನೆಯ ಬಾಗಿಲು. ದೂರದರ್ಶಕ ಮಾರುವವನಿಗೆ ಲಕ್ಷ ಜನರ ಗುಂಪು ಬೇಡ; ದೂರದರ್ಶಕ ಕೊಳ್ಳುವ ಹತ್ತು ಸಾವಿರ ಜನರು ಸಾಕು. ಆ ಹತ್ತು ಸಾವಿರ ಜನರೂ ಒಂದೇ ಕಡೆ ಕೂಡಿರುವ ಜಾಗ ಹವ್ಯಾಸ ಪತ್ರಿಕೆಯೊಂದೇ. ಅದಕ್ಕಾಗಿ ಅವನು ಹೆಚ್ಚಿನ ದರವನ್ನು ಸಂತೋಷದಿಂದ ಕೊಡುತ್ತಿದ್ದನು. ಓದುಗನಿಗೂ ಆ ಜಾಹೀರಾತು ಬೇಸರದ ವಸ್ತುವಾಗಿರಲಿಲ್ಲ. ಲೇಖನಗಳಿಗಿಂತ ಮೊದಲು ಅದನ್ನೇ ಓದುವವರೂ ಉಂಟು. ಅಮೆರಿಕದಲ್ಲಿ 1937ರಿಂದ ನಡೆದ ‘ಪಾಪ್ಯುಲರ್ ಫೋಟೋಗ್ರಫಿ’ಯ ಹಿಂಭಾಗದ ಪುಟಗಳಲ್ಲಿ, ಅಂಚೆಯ ಮೂಲಕ ಕ್ಯಾಮೆರಾ ಮಾರುವ ಅಂಗಡಿಗಳ ಬೆಲೆಪಟ್ಟಿಗಳು ಸಣ್ಣ ಅಕ್ಷರಗಳಲ್ಲಿ ಕಿಕ್ಕಿರಿದಿರುತ್ತಿದ್ದವು. ಆ ಪಟ್ಟಿಗಳಿಗಾಗಿಯೇ ಪತ್ರಿಕೆ ಕೊಳ್ಳುವ ಜನರಿದ್ದರು. ಬೆಲೆಪಟ್ಟಿ ಗಣಕದ ತೆರೆಯ ಮೇಲೆ ಬಿಟ್ಟಿಯಾಗಿ ದೊರೆಯಲು ಆರಂಭವಾದ ಮೇಲೆ ಆ ಪುಟಗಳು ತೆಳ್ಳಗಾದವು; ಚಿತ್ರ ತೆಗೆಯುವ ಕೆಲಸವನ್ನು ದೂರವಾಣಿಯೇ ವಹಿಸಿಕೊಂಡ ಮೇಲೆ ಕ್ಯಾಮೆರಾ ಕೊಳ್ಳುವವರೇ ಕಡಮೆಯಾದರು. ಎಂಬತ್ತು ವರ್ಷಗಳ ಬಾಳಿನ ನಂತರ 2017ರಲ್ಲಿ ಆ ಮುದ್ರಿತ ಪತ್ರಿಕೆ ನಿಂತಿತು.

ಧಣಿಯ ಮನೆಯಲ್ಲಿ ಬೆಳೆದ ಕೂಸು

ಈ ಮೂರು ಬಾಗಿಲುಗಳನ್ನೂ ನೆಚ್ಚದೆ, ಧಣಿಯೊಬ್ಬನ ಆಶ್ರಯದಲ್ಲಿ ಬೆಳೆದ ಪತ್ರಿಕೆಗಳೂ ಉಂಟು. ಇಂಗ್ಲೆಂಡಿನ ‘ಮೆಕ್ಯಾನೋ ಮ್ಯಾಗಜಿನ್’ ಇದಕ್ಕೆ ಉತ್ತಮ ನಿದರ್ಶನ. ಲಿವರ್‌ಪೂಲ್ ನಗರದ ಫ್ರ್ಯಾಂಕ್ ಹಾರ್ನ್‌ಬಿ ಎಂಬಾತನು ತೂತು ಕೊರೆದ ಲೋಹದ ಪಟ್ಟಿಗಳು, ತಿರುಪುಮೊಳೆಗಳು, ಗಾಲಿಗಳು ಇವುಗಳಿಂದ ಸೇತುವೆ, ಕ್ರೇನು, ಗೋಪುರಗಳನ್ನು ಕಟ್ಟುವ ಆಟಿಕೆಯನ್ನು ರೂಪಿಸಿ 1901ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಮುಂದೆ ‘ಮೆಕ್ಯಾನೋ’ ಎಂಬ ಹೆಸರಿನಿಂದ ಅದು ಲೋಕಪ್ರಸಿದ್ಧವಾಯಿತು. 1916ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ಆ ಆಟಿಕೆಯ ಹುಡುಗರಿಗಾಗಿ ಹಾರ್ನ್‌ಬಿ ಒಂದು ಪುಟ್ಟ ಪತ್ರಿಕೆಯನ್ನು ಹೊರಡಿಸಿದನು.

ಕೆಲವೇ ಹಾಳೆಗಳಿಂದ ಆರಂಭವಾದ ಅದು ಕ್ರಮೇಣ ಬಣ್ಣದ ಮುಖಪುಟದ ಪುಷ್ಟಿಯಾದ ಮಾಸಪತ್ರಿಕೆಯಾಯಿತು. ಅದರಲ್ಲಿ ಆಟಿಕೆಯ ಮಾತು ಮಾತ್ರವಲ್ಲ, ಲೋಕದ ದೊಡ್ಡ ಸೇತುವೆಗಳು, ಹಡಗುಗಳು, ವಿಮಾನಗಳು, ಗಣಿಗಳು, ರೈಲು ಎಂಜಿನ್ನುಗಳ ವೃತ್ತಾಂತವೂ ಇರುತ್ತಿತ್ತು. ತಂದೆ ಕೊಂಡುಕೊಟ್ಟ ಪತ್ರಿಕೆಯನ್ನು ತಂದೆಯೂ ಓದುವಂತಿತ್ತು. ಪತ್ರಿಕೆ ತಾನೇ ಲಾಭ ತರಬೇಕೆಂಬ ನಿರ್ಬಂಧವಿರಲಿಲ್ಲ. ಅದನ್ನು ಓದಿದ ಹುಡುಗನು ಮುಂದಿನ ಹುಟ್ಟುಹಬ್ಬಕ್ಕೆ ಇನ್ನೊಂದು ಪೆಟ್ಟಿಗೆ ಮೆಕ್ಯಾನೋ ಬೇಡಿದರೆ ಧಣಿಗೆ ಅದೇ ಲಾಭ.

ಆದರೆ ಧಣಿಗೆ ಕಷ್ಟಕಾಲ ಬಂದಾಗ ಮೊದಲು ಕೈಬಿಡುವುದು ಇಂತಹ ಕೂಸನ್ನೇ. ಹಾರ್ನ್‌ಬಿ 1936ರಲ್ಲಿ ತೀರಿಕೊಂಡನು. 1950ರ ದಶಕದ ಕೊನೆಯ ವೇಳೆಗೆ ಲೋಹದ ಪಟ್ಟಿಗಳಿಗಿಂತ ಪ್ಲಾಸ್ಟಿಕ್ ಆಟಿಕೆಗಳು ಅಗ್ಗವಾದವು, ಮಕ್ಕಳ ಬಿಡುವಿನ ವೇಳೆಯನ್ನು ಟೆಲಿವಿಷನ್ ಕಬಳಿಸತೊಡಗಿತು. 1963ರಲ್ಲಿ ಕಂಪನಿ ಪತ್ರಿಕೆಯನ್ನು ಬೇರೆಯವರ ಕೈಗೊಪ್ಪಿಸಿತು; ಮರುವರ್ಷ ಕಂಪನಿಯೇ ಬೇರೊಬ್ಬರ ಪಾಲಾಯಿತು. ಪತ್ರಿಕೆ 1967ರಲ್ಲಿ ನಿಂತಿತು, 1968ರಲ್ಲಿ ಮತ್ತೆ ಎದ್ದಿತು, ಬಳಿಕ ತ್ರೈಮಾಸಿಕವಾಗಿ ಕುಂಟುತ್ತಾ ನಡೆದು 1981ರಲ್ಲಿ ಕಣ್ಣು ಮುಚ್ಚಿತು. ಲಿವರ್‌ಪೂಲಿನ ಕಾರ್ಖಾನೆಗೆ ಅದಕ್ಕೆ ಎರಡು ವರ್ಷ ಮೊದಲೇ, 1979ರಲ್ಲಿ, ಬೀಗ ಬಿದ್ದಿತ್ತು. ಇಷ್ಟು ಬಾರಿ ಸತ್ತು ಹುಟ್ಟಿದ್ದರಲ್ಲಿ ಓದುಗರ ಅಕ್ಕರೆಯೂ ಕಾಣುತ್ತದೆ, ಅಕ್ಕರೆಯೊಂದರಿಂದಲೇ ಪತ್ರಿಕೆ ನಡೆಯದೆಂಬುದೂ ಕಾಣುತ್ತದೆ.

ಹವ್ಯಾಸವು ಉದ್ಯಮವಾದಾಗ

ಹವ್ಯಾಸವು ಸೊರಗಿದರೆ ಪತ್ರಿಕೆ ಸೊರಗುವುದು ಸಹಜ. ಆದರೆ ಹವ್ಯಾಸವು ಮಿತಿಮೀರಿ ಬೆಳೆದರೂ ಪತ್ರಿಕೆ ಸಾಯಬಹುದೆಂಬುದು ವಿಚಿತ್ರವಾದ ಸತ್ಯ. ಅಮೆರಿಕದ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ 1954ರಲ್ಲಿ ಆರಂಭವಾಯಿತು. ಮನೆಯಲ್ಲಿಯೇ ಬೆಸುಗೆ ಹಾಕಿ ರೇಡಿಯೋ, ಆಂಪ್ಲಿಫೈಯರ್‌ಗಳನ್ನು ಕಟ್ಟುವವರ ಪತ್ರಿಕೆಯದು. ಅದರ 1975ರ ಜನವರಿ ಸಂಚಿಕೆಯ ಮುಖಪುಟದಲ್ಲಿ ‘ಆಲ್ಟೇರ್ 8800’ ಎಂಬ ಗಣಕಯಂತ್ರದ ಚಿತ್ರ ಬಂದಿತು. ಬಿಡಿಭಾಗಗಳನ್ನು ತರಿಸಿಕೊಂಡು ಮನೆಯಲ್ಲಿಯೇ ಜೋಡಿಸಬಹುದಾದ ಯಂತ್ರವದು. ಹಾರ್ವರ್ಡ್ ಚೌಕದ ಪತ್ರಿಕೆಯಂಗಡಿಯಲ್ಲಿ ಆ ಸಂಚಿಕೆಯನ್ನು ಕಂಡ ಪಾಲ್ ಅಲೆನ್ ಎಂಬ ತರುಣನು ಅದನ್ನು ತನ್ನ ಗೆಳೆಯ ಬಿಲ್ ಗೇಟ್ಸನಿಗೆ ತೋರಿಸಿದನು. ಅವರಿಬ್ಬರೂ ಅದೇ ವರ್ಷ ಕಟ್ಟಿದ ಸಂಸ್ಥೆ ಮೈಕ್ರೋಸಾಫ್ಟ್.

ಲೋಕದ ನಡಿಗೆಯನ್ನೇ ಬದಲಿಸಿದ ಆ ಪತ್ರಿಕೆಗೆ ಅದರಿಂದ ದೊರೆತ ಫಲವೇನು? ಗಣಕವು ಹವ್ಯಾಸಿಯ ಮೇಜಿನಿಂದ ಇಳಿದು ಮಾರುಕಟ್ಟೆಗೆ ನಡೆಯಿತು. ಜಾಹೀರಾತುಗಳೂ ಅದರ ಹಿಂದೆಯೇ ಹೋದವು. ಪತ್ರಿಕೆ 1982ರಲ್ಲಿ ಹಳೆಯ ಹೆಸರನ್ನು ಬಿಟ್ಟು ‘ಕಂಪ್ಯೂಟರ್ಸ್ ಅಂಡ್ ಎಲೆಕ್ಟ್ರಾನಿಕ್ಸ್’ ಆಯಿತು. ಬೆಸುಗೆಯ ಕಡ್ಡಿ ಹಿಡಿದ ಹಳೆಯ ಓದುಗನಿಗೆ ಅದು ಬೇಡವಾಯಿತು. ಸಿದ್ಧಯಂತ್ರ ಕೊಳ್ಳುವ ಹೊಸ ಓದುಗನಿಗೆ ಬೇರೆ ಪತ್ರಿಕೆಗಳಿದ್ದವು. 1985ರಲ್ಲಿ ಅದು ನಿಂತಿತು.

1975ರಲ್ಲಿಯೇ, ನ್ಯೂ ಹ್ಯಾಂಪ್‌ಷೈರಿನ ಪೀಟರ್‌ಬರೋ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ‘ಬೈಟ್’ ಪತ್ರಿಕೆಯ ಕಥೆಯೂ ಇದೇ. 1979ರಲ್ಲಿ ಅದನ್ನು ಮೆಗ್ರಾ-ಹಿಲ್ ಸಂಸ್ಥೆ ಕೊಂಡಿತು. ಕೆಲವೇ ವರ್ಷಗಳಲ್ಲಿ ಜಾಹೀರಾತುಗಳ ಪ್ರವಾಹದಿಂದ ಅದರ ಒಂದೊಂದು ಸಂಚಿಕೆಯೂ ನಾನೂರು ಪುಟಗಳನ್ನು ಮೀರಿ ದಿಂಬಿನಂತೆ ಉಬ್ಬಿತು. 1998ರಲ್ಲಿ ಅದನ್ನು ಮತ್ತೊಬ್ಬರಿಗೆ ಮಾರಲಾಯಿತು. ಕೊಂಡವರು ಆ ವರ್ಷವೇ ಮುದ್ರಣವನ್ನು ನಿಲ್ಲಿಸಿದರು. ನಷ್ಟದಿಂದ ಬಡಕಲಾಗಿ ಸತ್ತ ಪತ್ರಿಕೆಗಳ ನಡುವೆ, ಕೊಬ್ಬಿ ಬೆಳೆದು ಸತ್ತ ಪತ್ರಿಕೆಯಿದು.

ಸಂಘದ ಆಸರೆ

ಗಣಕಕ್ಕಿಂತ ಹಳೆಯದಾದ ಹವ್ಯಾಸ ರೇಡಿಯೋದಲ್ಲಿ ಒಂದೇ ಬಳಗದ ಮೂರು ಪತ್ರಿಕೆಗಳು ಮೂರು ದಾರಿ ಹಿಡಿದವು. ಮೂರರ ಹೆಸರುಗಳೂ ತಂತಿ-ರೇಡಿಯೋಗಳ ಸಂಕೇತಭಾಷೆಯಿಂದ ಬಂದವು. ‘ಸಿಕ್ಯೂ’ ಎಂದರೆ ಕೇಳುತ್ತಿರುವ ಯಾರಾದರೂ ಉತ್ತರಿಸಿರಿ ಎಂಬ ಕರೆ. ‘73’ ಎಂದರೆ ಶುಭಾಶಯ. ‘ಕ್ಯೂಎಸ್‌ಟಿ’ ಎಂದರೆ ಎಲ್ಲ ಹವ್ಯಾಸಿಗಳಿಗೂ ಪ್ರಕಟಣೆ.

1945ರಲ್ಲಿ ಆರಂಭವಾದ ‘ಸಿಕ್ಯೂ’, 1960ರಲ್ಲಿ ಆರಂಭವಾದ ‘73’ ಎರಡೂ ಖಾಸಗಿಯವರ ಸೊತ್ತು. ‘73’ರ ಸ್ಥಾಪಕ ವೇಯ್ನ್ ಗ್ರೀನ್ ತನ್ನ ಖಾರವಾದ ಸಂಪಾದಕೀಯಗಳಿಗೆ ಹೆಸರಾದವನು, ‘ಬೈಟ್’ ಹುಟ್ಟಿದುದೂ ಅವನ ಕಚೇರಿಯಲ್ಲಿಯೇ. ‘73’ 2003ರಲ್ಲಿ ನಿಂತಿತು. ‘ಸಿಕ್ಯೂ’ ಎಪ್ಪತ್ತೆಂಟು ವರ್ಷ ನಡೆದು 2023ರಲ್ಲಿ ನಿಂತಿತು.

‘ಕ್ಯೂಎಸ್‌ಟಿ’ ಮಾತ್ರ 1915ರ ಡಿಸೆಂಬರಿನಿಂದಲೂ ಉಳಿದು ಬಂದಿದೆ. ಅದರ ಗುಟ್ಟೆಂದರೆ ಅದು ಹವ್ಯಾಸಿಗಳ ಸಂಘದ ಪತ್ರಿಕೆ. ಹೈರಮ್ ಪರ್ಸಿ ಮ್ಯಾಕ್ಸಿಮ್ ಮತ್ತು ಸಂಗಡಿಗರು 1914ರಲ್ಲಿ ಕಟ್ಟಿದ ಅಮೆರಿಕನ್ ರೇಡಿಯೋ ರಿಲೇ ಲೀಗಿನ ಸದಸ್ಯನು ಕೊಡುವ ಹಣ ಪತ್ರಿಕೆಯ ಬೆಲೆಯಷ್ಟೇ ಅಲ್ಲ. ತರಂಗಗಳ ಹಂಚಿಕೆಯಲ್ಲಿ ಹವ್ಯಾಸಿಗಳ ಪಾಲನ್ನು ಸರ್ಕಾರದ ಮುಂದೆ ಕಾಯುವ ವಕೀಲನ ಖರ್ಚೂ ಅದರಲ್ಲಿದೆ. ಒಂದು ತಿಂಗಳ ಸಂಚಿಕೆ ಸಪ್ಪೆಯಾಯಿತೆಂದು ಅವನು ಸದಸ್ಯತ್ವವನ್ನು ಬಿಡುವುದಿಲ್ಲ. ಆದರೆ ಕಾಗದ ಮತ್ತು ಅಂಚೆಯ ಬೆಲೆಗೆ ಸಂಘವೂ ತಲೆಬಾಗಬೇಕಾಯಿತು. 2024ರಿಂದ ಸದಸ್ಯತ್ವದೊಡನೆ ಗಣಕದಲ್ಲಿ ಓದುವ ಪ್ರತಿ ದೊರೆಯುತ್ತದೆ. ಕೈಯಲ್ಲಿ ಹಿಡಿದು ಓದುವ ಅಚ್ಚಿನ ಪ್ರತಿ ಬೇಕೆಂದರೆ ಬೇರೆಯಾಗಿ ಹಣ ತೆರಬೇಕು. ನೂರು ವರ್ಷಗಳಿಗೂ ಹೆಚ್ಚು ಕಾಲ ಸದಸ್ಯತ್ವದ ಕುರುಹಾಗಿದ್ದ ಕಾಗದವು ಹೀಗೆ ವಿಶೇಷ ಸೌಕರ್ಯವಾಯಿತು.

ನಕ್ಷತ್ರ ನೋಡುವವರ ಪತ್ರಿಕೆ

ಹವ್ಯಾಸ ಪತ್ರಿಕೆಯ ಏಳುಬೀಳುಗಳೆಲ್ಲವೂ ಒಂದೇ ಬಾಳಿನಲ್ಲಿ ಕಾಣಬೇಕಾದರೆ ಅಮೆರಿಕದ ‘ಸ್ಕೈ ಅಂಡ್ ಟೆಲಿಸ್ಕೋಪ್’ ಪತ್ರಿಕೆಯನ್ನು ನೋಡಬೇಕು. 1930ರ ದಶಕದಲ್ಲಿ ಖಗೋಳಾಸಕ್ತರಿಗಾಗಿ ಅಲ್ಲಿ ಎರಡು ಸಣ್ಣ ಪತ್ರಿಕೆಗಳಿದ್ದವು. ‘ದಿ ಸ್ಕೈ’ ನ್ಯೂಯಾರ್ಕಿನ ಹೇಡನ್ ಪ್ಲಾನೆಟೇರಿಯಮ್ಮಿನ ಆಶ್ರಯದಲ್ಲಿ ಬೆಳೆದುದು. ‘ದಿ ಟೆಲಿಸ್ಕೋಪ್’ 1931ರಲ್ಲಿ ಹುಟ್ಟಿ, ಮುಂದೆ ಹಾರ್ವರ್ಡಿನ ಖಗೋಳವಿಜ್ಞಾನಿಗಳ ಕೈಸೇರಿದುದು. ಎರಡಕ್ಕೂ ಸಾಕಷ್ಟು ಚಂದಾದಾರರಿಲ್ಲ. ಹಾರ್ವರ್ಡ್ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಹಾರ್ಲೋ ಶಾಪ್ಲಿಯವರ ಪ್ರೋತ್ಸಾಹದಿಂದ ಎರಡೂ ಕೂಡಿ ಒಂದಾದವು. ಚಾರ್ಲ್ಸ್ ಫೆಡರರ್ ಮತ್ತು ಅವನ ಪತ್ನಿ ಹೆಲೆನ್ ಫೆಡರರ್ ಈ ಹೊಣೆಯನ್ನು ಹೊತ್ತರು. ಮೊದಲ ಸಂಚಿಕೆ 1941ರ ನವೆಂಬರಿನಲ್ಲಿ ಹೊರಬಿದ್ದಿತು. ಮರುತಿಂಗಳೇ ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿದ್ದು ಅಮೆರಿಕ ಯುದ್ಧಕ್ಕಿಳಿಯಿತು. ಪತ್ರಿಕೆಯೊಂದು ಹುಟ್ಟಲು ಇದಕ್ಕಿಂತ ಕೆಟ್ಟ ಗಳಿಗೆಯನ್ನು ಯಾವ ಜೋಯಿಸನೂ ಹುಡುಕಿಕೊಡಲಾರನು.

ಆದರೂ ದಂಪತಿಗಳು ಛಲ ಬಿಡಲಿಲ್ಲ. ಆ ತಿಂಗಳ ಆಕಾಶದ ನಕಾಶೆ, ಗ್ರಹಣಗಳ ವಿವರ, ಕನ್ನಡಿಯನ್ನು ಮನೆಯಲ್ಲಿಯೇ ಉಜ್ಜಿ ದೂರದರ್ಶಕ ಮಾಡಿಕೊಳ್ಳುವವರ ಅನುಭವಗಳು, ವಿಜ್ಞಾನಿಗಳ ಹೊಸ ಶೋಧಗಳು, ಇವೆಲ್ಲವನ್ನೂ ತಪ್ಪಿಲ್ಲದೆ ಕೊಡುವುದೇ ಪತ್ರಿಕೆಯ ವ್ರತವಾಯಿತು. ಇಲ್ಲಿ ಲೇಖಕ-ಓದುಗರೆಂಬ ಭೇದವಿರಲಿಲ್ಲ. ವೃತ್ತಿನಿರತ ವಿಜ್ಞಾನಿಯ ಲೇಖನದ ಪಕ್ಕದಲ್ಲಿಯೇ ಹವ್ಯಾಸಿಯೊಬ್ಬನು ತಾನು ಮಾಡಿದ ಯಂತ್ರದ ಚಿತ್ರವನ್ನು ಕಾಣಬಹುದಾಗಿತ್ತು. 1957ರ ಅಕ್ಟೋಬರಿನಲ್ಲಿ ಸ್ಪುಟ್ನಿಕ್ ಹಾರಿದ ಮೇಲಂತೂ ಆಕಾಶದ ಕಡೆ ಜನರ ಕಣ್ಣು ತಾನಾಗಿ ತಿರುಗಿತು. ಫೆಡರರ್ 1974ರವರೆಗೆ ಸಂಪಾದಕನಾಗಿದ್ದನು.

ಅಷ್ಟರಲ್ಲಿ ಪ್ರತಿಸ್ಪರ್ಧಿಯೊಂದು ಬಂದಿತ್ತು. 1973ರಲ್ಲಿ ವಿಸ್ಕಾನ್ಸಿನ್ ಪ್ರಾಂತ್ಯದ ಸ್ಟೀಫನ್ ವಾಲ್ತರ್ ಎಂಬ ತರುಣನು ‘ಆಸ್ಟ್ರಾನಮಿ’ ಎಂಬ ಪತ್ರಿಕೆಯನ್ನು ಬಣ್ಣದ ಚಿತ್ರಗಳೊಡನೆ ಆರಂಭಿಸಿದನು. ನಾಲ್ಕೇ ವರ್ಷಗಳಲ್ಲಿ ಅವನು ತೀರಿಕೊಂಡರೂ ಪತ್ರಿಕೆ ಬೆಳೆಯಿತು. ಹಳೆಯ ಪತ್ರಿಕೆಯನ್ನು ಪ್ರಸಾರದಲ್ಲಿ ಮೀರಿತು. 1986ರಲ್ಲಿ ಹ್ಯಾಲಿ ಧೂಮಕೇತು ಬರುವ ವೇಳೆಗೆ ದೂರದರ್ಶಕದ ವ್ಯಾಪಾರ ಭರದಿಂದ ನಡೆಯುತ್ತಿತ್ತು. ಎರಡು ಪತ್ರಿಕೆಗಳಿಗೂ ಜಾಹೀರಾತಿನ ಸುಗ್ಗಿ.

ಸುಗ್ಗಿಯ ನಂತರ ಬರಗಾಲ. 21ನೆಯ ಶತಮಾನದ ಮೊದಲ ದಶಕದಲ್ಲಿ ಆಕಾಶದ ನಕಾಶೆ ಗಣಕದಲ್ಲಿ, ಬಳಿಕ ಅಂಗೈಯ ದೂರವಾಣಿಯಲ್ಲಿ ದೊರೆಯತೊಡಗಿತು. 2009ರ ಫೆಬ್ರವರಿಯಲ್ಲಿ ಅಮೆರಿಕದ ದೊಡ್ಡ ಪತ್ರಿಕಾ ವಿತರಕರಲ್ಲೊಂದಾದ ಆಂಡರ್ಸನ್ ನ್ಯೂಸ್ ಕೆಲಸ ನಿಲ್ಲಿಸಿತು. 2014ರಲ್ಲಿ ಸೋರ್ಸ್ ಇಂಟರ್‌ಲಿಂಕ್ ಎಂಬ ಮತ್ತೊಂದು ದೊಡ್ಡ ವಿತರಣಾ ಸಂಸ್ಥೆಯೂ ಬಾಗಿಲು ಹಾಕಿತು. ಅಂಗಡಿಗೆ ಪತ್ರಿಕೆ ತಲಪುವ ದಾರಿಯೇ ಕಿರಿದಾಯಿತು. ‘ಸ್ಕೈ ಅಂಡ್ ಟೆಲಿಸ್ಕೋಪ್’ 2006ರಲ್ಲಿ ನ್ಯೂ ಟ್ರ್ಯಾಕ್ ಮೀಡಿಯಾ ಎಂಬ ಸಂಸ್ಥೆಗೆ ಮಾರಾಟವಾಯಿತು. 2014ರಲ್ಲಿ ಆ ಸಂಸ್ಥೆಯೇ ಎಫ್ ಪ್ಲಸ್ ಡಬ್ಲ್ಯು ಮೀಡಿಯಾ ಎಂಬ ಇನ್ನೂ ದೊಡ್ಡ ಸಂಸ್ಥೆಯಲ್ಲಿ ಸೇರಿಹೋಯಿತು.

ಈ ಕಡೆಯ ಸಂಸ್ಥೆಯ ಕಥೆ ಗಮನಾರ್ಹವಾದುದು. ಹೊಲಿಗೆ, ಚಿತ್ರಕಲೆ, ನಾಣ್ಯಸಂಗ್ರಹ, ಬರವಣಿಗೆ ಮೊದಲಾದ ಹವ್ಯಾಸಗಳ ಪತ್ರಿಕೆಗಳನ್ನು ಒಂದೊಂದಾಗಿ ಕೊಂಡು ಅದು ಒಂದೇ ಸೂರಿನಡಿ ಕಟ್ಟಿಹಾಕಿತ್ತು. ಅವುಗಳಲ್ಲಿ ‘ನ್ಯೂಮಿಸ್ಮ್ಯಾಟಿಕ್ ನ್ಯೂಸ್’ ಒಂದು. ವಿಸ್ಕಾನ್ಸಿನ್ನಿನ ಅಯೋಲ ಎಂಬ ಹಳ್ಳಿಯಲ್ಲಿ ಚೆಸ್ಟರ್ ಕ್ರೌಸ್ ಎಂಬ ಬಡಗಿಯು ನಾಣ್ಯಸಂಗ್ರಾಹಕರ ಕೊಡುಕೊಳೆಗಾಗಿ 1952ರಲ್ಲಿ ಹೊರಡಿಸಿದ ಪತ್ರಿಕೆಯದು. ಅವನ ಸಂಸ್ಥೆ ಪತ್ರಿಕೆಯನ್ನಷ್ಟೇ ನೆಚ್ಚಲಿಲ್ಲ. 1972ರಿಂದ ಲೋಕದ ನಾಣ್ಯಗಳ ಭಾರಿ ಸೂಚಿಯನ್ನೂ ಪ್ರಕಟಿಸಿತು. ಇಂದಿಗೂ ನಮ್ಮ ದೇಶದ ನಾಣ್ಯಸಂಗ್ರಾಹಕರು ಬ್ರಿಟಿಷ್ ಇಂಡಿಯಾದ ರೂಪಾಯಿಯನ್ನಾಗಲಿ ಮೈಸೂರಿನ ಕಾಸನ್ನಾಗಲಿ ಗುರುತಿಸುವಾಗ ಹೇಳುವ ‘ಕೆಎಂ’ ಸಂಖ್ಯೆಯಲ್ಲಿರುವ ಮೊದಲ ಅಕ್ಷರ ಆ ಬಡಗಿಯ ಹೆಸರಿನದು. ಇಂತಹ ಗಟ್ಟಿ ಬುನಾದಿಯ ಸಂಸ್ಥೆ 2002ರಲ್ಲಿ ಎಫ್ ಪ್ಲಸ್ ಡಬ್ಲ್ಯು ತೆಕ್ಕೆಗೆ ಬಿದ್ದಿತ್ತು.

ಹವ್ಯಾಸಗಳು ಹಲವಾದರೂ ಲೆಕ್ಕದ ಕಚೇರಿ ಒಂದೇ ಇರಲಿ, ಚಂದಾ ವಿಭಾಗ ಒಂದೇ ಇರಲಿ, ವೆಚ್ಚ ತಗ್ಗುವುದು ಎಂಬ ಯೋಚನೆಯಲ್ಲಿ ತಪ್ಪಿರಲಿಲ್ಲ. ಆದರೆ ಪತ್ರಿಕೆಗಳನ್ನು ಕೊಳ್ಳುವುದರ ಸಾಲ ಬೆಳೆಯಿತು. ಹವ್ಯಾಸದ ಸಾಮಾನುಗಳನ್ನು ತಾನೇ ಗಣಕಜಾಲದ ಮೂಲಕ ಮಾರಹೊರಟ ಸಾಹಸ ಕೈಗೂಡಲಿಲ್ಲ. 2019ರ ಮಾರ್ಚಿಯಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಪತ್ರಿಕೆಗಳೂ ಪುಸ್ತಕಗಳೂ ಹರಾಜಿಗೆ ಬಂದವು.

ನಕ್ಷತ್ರ ನೋಡುವವರ ಪತ್ರಿಕೆ ಅಂದು ನಿಂತುಹೋಗಬಹುದಾಗಿತ್ತು. ಅದಕ್ಕೆ ಗಿರಾಕಿಯಾಗಿ ಬಂದುದು ಯಾವ ವ್ಯಾಪಾರಿಯೂ ಅಲ್ಲ. 1899ರಲ್ಲಿ ಸ್ಥಾಪಿತವಾದ ಅಮೆರಿಕನ್ ಆಸ್ಟ್ರಾನಾಮಿಕಲ್ ಸೊಸೈಟಿ, ಅಂದರೆ ವೃತ್ತಿಯಿಂದಲೇ ಖಗೋಳವಿಜ್ಞಾನಿಗಳಾದವರ ಸಂಘ. ಆ ವಿಜ್ಞಾನಿಗಳಲ್ಲಿ ಎಷ್ಟೋ ಜನರು ಬಾಲ್ಯದಲ್ಲಿ ಇದೇ ಪತ್ರಿಕೆಯ ನಕಾಶೆ ಹಿಡಿದು ಮೊದಲ ಬಾರಿ ನಕ್ಷತ್ರಪುಂಜಗಳನ್ನು ಗುರುತಿಸಿದವರು. ಹವ್ಯಾಸಿಗಳ ಪತ್ರಿಕೆ ವಿಜ್ಞಾನಿಗಳನ್ನು ಬೆಳೆಸಿತ್ತು. ಈಗ ವಿಜ್ಞಾನಿಗಳ ಸಂಘ ಆ ಪತ್ರಿಕೆಯನ್ನು 2019ರಲ್ಲಿ ಕೊಂಡು ಉಳಿಸಿತು. ಪತ್ರಿಕೆಯ ಓದುಗರನ್ನು ಗ್ರಹಣ ನೋಡಲು ದೇಶದೇಶಗಳಿಗೆ ಕರೆದೊಯ್ಯುವ ಪ್ರವಾಸಗಳು, ಆಕಾಶದ ಭೂಪಟಗಳು, ಚಂದ್ರಗೋಳ, ಹಳೆಯ ಸಂಚಿಕೆಗಳ ಸಂಗ್ರಹ ಇವುಗಳ ಮಾರಾಟವೂ ಅದರ ಜೀವನೋಪಾಯಕ್ಕೆ ಒದಗಿವೆ.

ಕೂಡುಕುಟುಂಬದ ದಾರಿ

ಪ್ರತಿಸ್ಪರ್ಧಿಯಾದ ‘ಆಸ್ಟ್ರಾನಮಿ’ ಬೇರೊಂದು ದಾರಿಯಲ್ಲಿ ನಡೆದಿತ್ತು. 1985ರಲ್ಲಿ ಅದನ್ನು ಕೊಂಡುದು ಮಿಲ್ವಾಕಿ ಪ್ರದೇಶದ ಕಾಲ್ಮ್‌ಬಾಕ್ ಸಂಸ್ಥೆ. ಅಲ್ ಕಾಲ್ಮ್‌ಬಾಕ್ ಎಂಬ ಆಟಿಕೆ-ರೈಲಿನ ಹವ್ಯಾಸಿ 1934ರಲ್ಲಿ, ಅಮೆರಿಕವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿರುವಾಗ, ‘ಮಾಡೆಲ್ ರೈಲ್‌ರೋಡರ್’ ಎಂಬ ಪತ್ರಿಕೆಯಿಂದ ಆರಂಭಿಸಿದ ಸಂಸ್ಥೆಯದು. ಊಟಕ್ಕೇ ತತ್ವಾರವಾದ ಕಾಲದಲ್ಲಿ ಆಟಿಕೆ ರೈಲಿನ ಪತ್ರಿಕೆಯೇ ಎಂದು ಆಡಿಕೊಂಡವರಿದ್ದಿರಬೇಕು. ಆದರೆ 1940ರ ವೇಳೆಗೆ ನಿಜವಾದ ರೈಲುಗಳ ಬಗೆಗಿನ ‘ಟ್ರೇನ್ಸ್’ ಎಂಬ ಎರಡನೆಯ ಪತ್ರಿಕೆಯನ್ನು ಹೊರಡಿಸುವಷ್ಟು ಶಕ್ತಿ ಅದಕ್ಕೆ ಬಂದಿತ್ತು. ರೈಲು, ಆಕಾಶ, ಮಣಿಕೆಲಸ ಎಂದು ಬೇರೆಬೇರೆ ಹವ್ಯಾಸಗಳು ಕೂಡುಕುಟುಂಬದಂತೆ ಒಂದೇ ಒಲೆಯಲ್ಲಿ ಅಡಿಗೆ ಮಾಡಿಕೊಂಡವು. ಒಂದಕ್ಕೆ ನಷ್ಟವಾದರೆ ಇನ್ನೊಂದು ತುಂಬಿಕೊಡುತ್ತಿತ್ತು. ಈ ಕುಟುಂಬ ತೊಂಬತ್ತು ವರ್ಷ ನಡೆಯಿತು. 2024ರಲ್ಲಿ ರೈಲಿನ ಪತ್ರಿಕೆಗಳೂ ‘ಆಸ್ಟ್ರಾನಮಿ’ಯೂ ಫೈರ್‌ಕ್ರೌನ್ ಎಂಬ ಸಂಸ್ಥೆಗೆ ಮಾರಾಟವಾದವು.

ನಮ್ಮ ದೇಶದಲ್ಲಿ 1969ರಲ್ಲಿ ದೆಹಲಿಯಿಂದ ಹೊರಟ ‘ಎಲೆಕ್ಟ್ರಾನಿಕ್ಸ್ ಫಾರ್ ಯೂ’ ಪತ್ರಿಕೆಯೂ ಹವ್ಯಾಸಿಯನ್ನೊಬ್ಬನನ್ನೇ ನಂಬಿ ಕುಳಿತುಕೊಳ್ಳಲಿಲ್ಲ. ವಿದ್ಯಾರ್ಥಿಗೂ ಹವ್ಯಾಸಿಗೂ ಬೇಕಾದ ಮಂಡಲಗಳ ನಕ್ಷೆಗಳ ಜೊತೆಗೆ ಉದ್ಯಮದ ಸುದ್ದಿಯನ್ನೂ ಅದು ಕೊಟ್ಟಿತು. ಪತ್ರಿಕೆಯಲ್ಲಿ ಬಂದ ಯಂತ್ರಗಳ ಬಿಡಿಭಾಗಗಳನ್ನು ಪೊಟ್ಟಣ ಕಟ್ಟಿ ಮಾರುವ ವ್ಯವಸ್ಥೆಯನ್ನೂ ಮಾಡಿತು. ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ಪ್ರದರ್ಶನಗಳನ್ನೂ ನಡೆಸಿತು. ಪತ್ರಿಕೆಯು ತಾನು ನೆಟ್ಟ ಮರವಾದರೆ, ಫಲವನ್ನು ಅಕ್ಕಪಕ್ಕದ ಬಳ್ಳಿಗಳಿಂದ ಕೊಯ್ದುಕೊಳ್ಳುವ ಜಾಣತನವಿದು.

ನಿಂತುಹೋದರೆ ಹೋಗುವುದೇನು?

ಹವ್ಯಾಸಕ್ಕೆ ಬೇಕಾದ ವಿಷಯವೆಲ್ಲ ಈಗ ಬಿಟ್ಟಿಯಾಗಿ ದೊರೆಯುತ್ತಿರುವಾಗ ಪತ್ರಿಕೆ ಏಕೆ ಬೇಕೆಂದು ಕೇಳುವವರುಂಟು. ಪ್ರಶ್ನೆ ಅಸಂಗತವಲ್ಲ. ಗ್ರಹಣದ ವೇಳೆಯನ್ನು ತಿಳಿಯಲು ಯಾರೂ ತಿಂಗಳ ಸಂಚಿಕೆಗಾಗಿ ಕಾಯಬೇಕಾಗಿಲ್ಲ. ಸೆಕೆಂಡಿನಲ್ಲಿ ಉತ್ತರ ಕೊಡುವ ಯಂತ್ರದೊಡನೆ ಅಂಚೆಯವನು ಸ್ಪರ್ಧಿಸಲಾರನು.

ಆದರೆ ಪತ್ರಿಕೆ ಕೊಡುತ್ತಿದ್ದುದು ವಿಷಯವನ್ನು ಮಾತ್ರವಲ್ಲ. ಲೇಖಕನು ಕಳುಹಿಸಿದ ಮಂಡಲದ ನಕ್ಷೆಯನ್ನು ಸಂಪಾದಕನು ಕಟ್ಟಿಸಿ ನೋಡಿ, ನಡೆಯುತ್ತದೆಂದು ಖಚಿತವಾದ ಮೇಲೆ ಅಚ್ಚು ಹಾಕುವನು. ತಪ್ಪಾದರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ. ಈ ಹೊಣೆಗಾರಿಕೆಗೆ ವೆಚ್ಚ ತಗಲುತ್ತದೆ. ಹೊಸಬನಿಗೆ ತಾನು ಕೇಳಲು ತಿಳಿಯದ ಪ್ರಶ್ನೆಗೂ ಪತ್ರಿಕೆಯಲ್ಲಿ ಉತ್ತರ ಸಿಗುತ್ತಿತ್ತು. ಹುಡುಕುಯಂತ್ರವಾದರೋ ಕೇಳಿದುದನ್ನು ಮಾತ್ರ ಹೇಳುತ್ತದೆ. ದೂರದ ಊರಿನ ಹುಡುಗನೊಬ್ಬನು ಬರೆದ ನಾಲ್ಕು ಸಾಲಿನ ಪತ್ರ ಅಚ್ಚಾದಾಗ, ಆ ಕಲೆಯ ಹಿರಿಯರು ಅದನ್ನು ಓದುವರೆಂಬ ಭರವಸೆ ಅವನಿಗಿತ್ತು. ಎಲ್ಲರೂ ಒಂದೇ ದಿನ ಒಂದೇ ಪುಟವನ್ನು ತೆರೆಯುವ ಕೂಟವದು. ಅರುವತ್ತು ವರ್ಷಗಳ ಹಿಂದಿನ ಸಂಚಿಕೆಯನ್ನು ಗ್ರಂಥಾಲಯದಲ್ಲಿ ಇಂದೂ ತೆರೆದು ಓದಬಹುದು. ಆರು ವರ್ಷಗಳ ಹಿಂದೆ ಗಣಕಜಾಲದಲ್ಲಿದ್ದ ಪುಟವನ್ನು ಹುಡುಕಿದರೆ ಎಷ್ಟೋ ಬಾರಿ ಅದು ಮಾಯವಾಗಿರುತ್ತದೆ.

ಉಳಿದ ಪತ್ರಿಕೆಗಳು ಉಳಿದುದು ಹೇಗೆಂದು ನೋಡಿದರೆ, ಒಂದು ಅಂಶ ಎಲ್ಲದರಲ್ಲಿಯೂ ಕಾಣುತ್ತದೆ. ಒಂದೇ ಬಾಗಿಲನ್ನು ನೆಚ್ಚಿದವು ಮುಳುಗಿದವು. ಧಣಿಯನ್ನು ನೆಚ್ಚಿದುದು ಧಣಿಯೊಡನೆ ಹೋಯಿತು; ಜಾಹೀರಾತನ್ನು ನೆಚ್ಚಿದುದು ಜಾಹೀರಾತಿನೊಡನೆ ಹೋಯಿತು;ಸಾಲದ ಹಣದಿಂದ ಬೆಳೆದುದು ಸಾಲಗಾರರ ಪಾಲಾಯಿತು. ಸಂಘ, ಸೂಚಿ, ಪ್ರವಾಸ, ಪ್ರದರ್ಶನ, ಪುಸ್ತಕ ಎಂದು ಹಲವು ಬೇರುಗಳನ್ನು ಬಿಟ್ಟವು ಬರಗಾಲದಲ್ಲಿಯೂ ಹಸಿರಾಗಿವೆ. ಆ ಬೇರುಗಳೆಲ್ಲಕ್ಕೂ ನೀರೆರೆಯುವವನು ಕಟ್ಟಕಡೆಗೆ ಓದುಗನೇ.

ಜಾಹೀರಾತಿನ ಸುಗ್ಗಿಯ ದಿನಗಳಲ್ಲಿ ಓದುಗನು ಪತ್ರಿಕೆಯ ನಿಜವಾದ ಬೆಲೆಯನ್ನು ಎಂದೂ ಕೊಡಬೇಕಾಗಿ ಬಂದಿರಲಿಲ್ಲ. ಅರ್ಧದಷ್ಟನ್ನು ಅಂಗಡಿಯವನು ಕೊಡುತ್ತಿದ್ದನು. ಆ ಅಂಗಡಿಯವನು ಈಗ ಬೇರೆ ಬೀದಿಗೆ ಹೋಗಿದ್ದಾನೆ. ಆದ್ದರಿಂದಲೇ ಇಂದಿನ ಹವ್ಯಾಸ ಪತ್ರಿಕೆ ದುಬಾರಿಯಾಗಿದೆ, ತೆಳ್ಳಗಾಗಿದೆ, ಕೆಲವು ಕಡೆ ಮಾಸಿಕವು ತ್ರೈಮಾಸಿಕವಾಗಿದೆ. ಚಂದಾ ಏರಿತೆಂದು ಗೊಣಗುತ್ತಾ ಹಣ ಕಳುಹಿಸುವ ಆ ಕೆಲವು ಸಾವಿರ ಜನರು ತಮಗೆ ಬೇಕಾದ ಪುಟಗಳ ಜೊತೆಗೆ, ಇನ್ನೂ ಆ ಹವ್ಯಾಸದ ಹೆಸರನ್ನೇ ಕೇಳದ ಯಾವುದೋ ಊರಿನ ಹುಡುಗನ ಮೊದಲ ಸಂಚಿಕೆಯ ಬೆಲೆಯನ್ನೂ ಕೊಡುತ್ತಿದ್ದಾರೆ.